ಎಂಟು ತಿಂಗಳು ಕಬ್ಬಿಣದ ಗುಳಿಗೆ ನುಂಗಿದರೂ ಅವ್ವನಿಗೆ ರಕ್ತ ಏರುತ್ತಿಲ್ಲ. ಕೈ ಬಾತಿರೋದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಚಿತ್ತಾಪುರದ ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅವ್ವನಿಗೆ 58 ವರ್ಷ. ಮೂರು ವರ್ಷದಿಂದ ಎರಡೂ ಕೈಬೆರಳು, ಮಣಿಕಟ್ಟು ಬಾವು ಬರುತ್ತದೆ. ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ತಾಸು ಮುಷ್ಟಿ ಕಟ್ಟೋಕೆ ಆಗಲ್ಲ. ರೊಟ್ಟಿ ಬಡಿಯೋದು ಬಿಟ್ಟು ವರ್ಷವಾಯಿತು. ಊರಲ್ಲಿ ಎಲ್ಲರೂ "ವಾತ" ಅಂದರು. ನಾವೂ ಎಣ್ಣೆ ಹಚ್ಚಿ, ನೋವಿನ ಗುಳಿಗೆ ಕೊಟ್ಟು ಸುಮ್ಮನಿದ್ದೆವು.

ಯುಗಾದಿ ಹೊತ್ತಿಗೆ ಸುಸ್ತು ಜಾಸ್ತಿಯಾಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದೆವು, ಹಿಮೋಗ್ಲೋಬಿನ್ 8.6. ಕಬ್ಬಿಣದ ಗುಳಿಗೆ ಬರೆದುಕೊಟ್ಟರು, ದಿನಕ್ಕೆ ಒಂದು. ಎಂಟು ತಿಂಗಳಾದ ಮೇಲೆ ಮೊನ್ನೆ ಮತ್ತೆ ಮಾಡಿಸಿದರೆ 8.8.

ನನಗೆ ಸಿಟ್ಟು ಬಂತು. "ನೀನು ಗುಳಿಗೆ ನುಂಗ್ತಾನೇ ಇಲ್ಲ, ಎಲ್ಲೋ ಬಿಸಾಕ್ತಿ" ಅಂತ ರೇಗಿದೆ. ಅವ್ವ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಒಂದು ಹಳೇ ಬಿಸ್ಕಿಟ್ ಡಬ್ಬಿ ತಂದು ಮುಂದಿಟ್ಟಳು. ಅದರಲ್ಲಿ ಖಾಲಿ ಸ್ಟ್ರಿಪ್ಪುಗಳು, ರಬ್ಬರ್ ಹಾಕಿ ಕಟ್ಟಿಟ್ಟಿದ್ದಳು. ಎಣಿಸಿದೆ, 24 ಇದ್ದವು. ಒಂದೊಂದರಲ್ಲಿ ಹತ್ತು ಗುಳಿಗೆ. ಒಂದು ದಿನವೂ ತಪ್ಪಿಸಿಲ್ಲ. "ಯಾರರೆ ಕೇಳ್ತಾರ ಅಂತ ಇಟ್ಟೀನಿ" ಅಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಫೆರಿಟಿನ್ ಅನ್ನೋ ಪರೀಕ್ಷೆಯೂ ಮಾಡಿದ್ದಾರೆ, 58 ಬಂದಿದೆ, ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಇದೆ. ಒಬ್ಬ ಡಾಕ್ಟರು "ಕಬ್ಬಿಣ ಕಮ್ಮಿ ಇಲ್ಲ, ಗುಳಿಗೆ ನಿಲ್ಲಿಸಿ" ಅನ್ನುತ್ತಾರೆ. ಇನ್ನೊಬ್ಬರು "ದಿನಕ್ಕೆ ಎರಡು ಮಾಡಿ" ಅನ್ನುತ್ತಾರೆ. ಬಾವು ಇರೋದು ಕೈಯಲ್ಲಿ, ಗುಳಿಗೆ ಹೋಗೋದು ಹೊಟ್ಟೆಗೆ. ಮೈಗೆ ಯಾಕೆ ಹತ್ತುತ್ತಿಲ್ಲ? ಗೊತ್ತಿದ್ದವರು ಹೇಳಿ.

ರೊಟ್ಟಿ ಬುಟ್ಟಿ

ಗುಳಿಗೆ ಜೊತೆ ಚಹಾ ಕುಡಿಯುತ್ತಾರಾ? ಮೊದಲು ಅದನ್ನು ನೋಡಿ. ನಮ್ಮ ಕಡೆ ಬೆಳಿಗ್ಗೆ ಚಹಾ ಇಲ್ಲದೆ ಯಾವ ಗುಳಿಗೆಯೂ ಗಂಟಲಲ್ಲಿ ಇಳಿಯೋದಿಲ್ಲ. ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಹೀರೋದು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ನನ್ನ ವೈನಿಗೆ ಇದೊಂದನ್ನು ಬದಲಿಸಿದ್ದಕ್ಕೇ 9 ಇದ್ದದ್ದು 11 ಆಯಿತು.

ಚಿತ್ತಾಪುರದ ಮಗ

ಅಕ್ಕ, ಚಹಾ ಮೊದಲ ತಿಂಗಳೇ ಬಿಡಿಸಿದ್ದೇವೆ. ಲಿಂಬಿಹಣ್ಣಿನ ನೀರಿನ ಜೊತೆ ಕೊಡುತ್ತಿದ್ದೇವೆ.

ಹಳೇ ಪೇಟೆಯವ

ಇದೆಲ್ಲ ಲ್ಯಾಬಿನವರ ವ್ಯಾಪಾರ. ನಮ್ಮ ಅಜ್ಜಿ ಸಜ್ಜೆ ರೊಟ್ಟಿ, ಬೆಲ್ಲ, ಸೇಂಗಾ ತಿಂದು 90 ವರ್ಷ ಬದುಕಿದಳು. ಯಾವ ಫೆರಿಟಿನ್ ಗೊತ್ತಿತ್ತು ಆಕೆಗೆ? ಬೆಲ್ಲ ಕೊಡಿ, ಅರಿಶಿನದ ಹಾಲು ಕೊಡಿ, ಬಾವೂ ಇಳಿಯುತ್ತದೆ, ರಕ್ತವೂ ಏರುತ್ತದೆ.

ಬೀದರ್ ಲ್ಯಾಬ್ ಅಕ್ಕ

ತಮ್ಮಾ, ನಾನು 14 ವರ್ಷದಿಂದ ಲ್ಯಾಬಿನಲ್ಲೇ ಕೆಲಸ ಮಾಡುತ್ತೇನೆ. ಒಂದು ಪ್ರಶ್ನೆ. ಫೆರಿಟಿನ್ ಜೊತೆ ಸಿಆರ್‌ಪಿ, ಅಂದರೆ ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸೋ ರಕ್ತ ಪರೀಕ್ಷೆ, ಮಾಡಿಸಿದ್ದೀರಾ? ಮಾಡಿಸದಿದ್ದರೆ ಆ "ನಾರ್ಮಲ್" ಅನ್ನೋ ಪದವನ್ನು ನಂಬಬೇಡಿ.

ಫೆರಿಟಿನ್ ಅಂದರೆ ಕಬ್ಬಿಣ ಕೂಡಿಟ್ಟ ಗೋದಾಮಿನ ಲೆಕ್ಕ. ಆರಾಮಿದ್ದವರಲ್ಲಿ ಅದು 15ಕ್ಕಿಂತ ಕೆಳಗೆ ಬಂದರೆ ಕಬ್ಬಿಣ ಕಮ್ಮಿ ಅಂತ ಅರ್ಥ. ಆದರೆ ಮೈಯಲ್ಲಿ ಎಲ್ಲೇ ಉರಿಯೂತ (ನಿಮ್ಮ ಅವ್ವನ ಕೈ ಬಾವಿನಂಥದ್ದು) ಇದ್ದರೂ ಫೆರಿಟಿನ್ ತಾನಾಗಿ ಏರುತ್ತದೆ, ಕಬ್ಬಿಣ ಇರಲಿ ಬಿಡಲಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ, ಉರಿಯೂತ ಇರುವ ದೊಡ್ಡವರಿಗೆ 70ಕ್ಕಿಂತ ಕೆಳಗಿದ್ದರೂ ಕಬ್ಬಿಣದ ಕೊರತೆ ಅಂತ ಹಿಡಿಯಬೇಕು ಎಂದು ಹೇಳಿದೆ. ನಿಮ್ಮ ಅವ್ವನದು 58. ರಿಪೋರ್ಟ್ ಹಾಳೆಯಲ್ಲಿ ಅಚ್ಚಾಗಿರೋ ಅಂಕಿ ಆರಾಮಿದ್ದವರದು, ಮೂರು ವರ್ಷದಿಂದ ಕೈ ಬಾತವರದಲ್ಲ.

ಸಿಆರ್‌ಪಿ, ಸೀರಂ ಕಬ್ಬಿಣ (ರಕ್ತದಲ್ಲಿ ಓಡಾಡೋ ಕಬ್ಬಿಣ), ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನೋ ಲೆಕ್ಕ) ಮೂರನ್ನೂ ಮಾಡಿಸಿ. ಕಬ್ಬಿಣವನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಎಷ್ಟು ಪರ್ಸೆಂಟ್ ಅಂತ ಸಿಗುತ್ತದೆ. 20ಕ್ಕಿಂತ ಕೆಳಗಿದ್ದರೆ ರಕ್ತ ತಯಾರಾಗುವ ಎಲುಬಿನ ಮಜ್ಜೆಗೆ ಕಬ್ಬಿಣ ಸಾಕಷ್ಟು ಮುಟ್ಟುತ್ತಿಲ್ಲ ಅಂತ ತಿಳಿಯಿರಿ.

ಹಳೇ ಪೇಟೆ ಅಣ್ಣ, ಬೆಲ್ಲದಲ್ಲಿ ಕಬ್ಬಿಣ ಇದೆ, ಇಲ್ಲ ಅನ್ನಲ್ಲ. ಆದರೆ ಒಂದು ತುಂಡಲ್ಲಿ ಇರೋದು ಬಹಳ ಸ್ವಲ್ಪ. ರಕ್ತ ಏರುವಷ್ಟು ಬೆಲ್ಲ ತಿನ್ನೋಕೆ ಹೋದರೆ ಮೊದಲು ಶುಗರ್ ಬರುತ್ತದೆ.

ಕಲಿಯುವ ಡಾಕ್ಟರ್

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. "ಬಾವು ಕೈಯಲ್ಲಿ, ಗುಳಿಗೆ ಹೊಟ್ಟೆಯಲ್ಲಿ" ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಇದು ನನಗೆ ಬಹಳ ಇಷ್ಟದ ವಿಷಯ.

ಕಬ್ಬಿಣ ಹೀರೋದು ಸಣ್ಣ ಕರುಳಿನ ಮೊದಲ ಗೇಣಿನಲ್ಲಿ. ಅಲ್ಲಿನ ಕೋಶ ಕಬ್ಬಿಣವನ್ನು ಒಳಗೆ ತೆಗೆದುಕೊಳ್ಳುತ್ತದೆ, ಆಮೇಲೆ ಹಿಂಬಾಗಿಲಿನಿಂದ ರಕ್ತಕ್ಕೆ ಬಿಡುತ್ತದೆ. ಆ ಹಿಂಬಾಗಿಲಿನ ಹೆಸರು ಫೆರೋಪೋರ್ಟಿನ್. ಅದರ ಕೀಲಿ ಇರೋದು ಲಿವರ್ ಕೈಯಲ್ಲಿ. ಕೀಲಿಯ ಹೆಸರು ಹೆಪ್ಸಿಡಿನ್, 25 ಅಮೈನೋ ಆಸಿಡ್‌ಗಳ ಪುಟ್ಟ ಹಾರ್ಮೋನು. 2000ರ ಆಸುಪಾಸಿನಲ್ಲಿ ಕಂಡುಹಿಡಿದದ್ದು.

ಕೀಲು ಬಾತಾಗ ಅಲ್ಲಿಂದ ಇಂಟರ್‌ಲ್ಯೂಕಿನ್-6 ಅನ್ನೋ ಸಂದೇಶ ರಕ್ತದಲ್ಲಿ ಓಡಾಡುತ್ತದೆ. ಲಿವರ್‌ಗೆ ಅದು ಕೈಯಿಂದ ಬಂತೋ, ಪುಪ್ಪುಸದಿಂದ ಬಂತೋ, ಒಸಡಿನಿಂದ ಬಂತೋ ಗೊತ್ತಾಗಲ್ಲ. "ಒಳಗೆ ರೋಗಾಣು ನುಗ್ಗಿದೆ" ಅಂತಲೇ ತಿಳಿದು ಹೆಪ್ಸಿಡಿನ್ ಸುರಿಯುತ್ತದೆ. ಯಾಕೆಂದರೆ ರೋಗಾಣು ಬೆಳೆಯೋಕೂ ಕಬ್ಬಿಣ ಬೇಕು. ಶತ್ರುವಿಗೆ ಸಿಗಬಾರದು ಅಂತ ಮೈ ಕಬ್ಬಿಣವನ್ನು ಬಚ್ಚಿಡುತ್ತದೆ. ನಾಲ್ಕು ದಿನದ ಜ್ವರಕ್ಕೆ ಇದು ಒಳ್ಳೆ ಉಪಾಯ. ಮೂರು ವರ್ಷದ ಬಾವಿಗೆ ಇದೇ ಉಪಾಯ ಮುಳುವಾಗುತ್ತದೆ.

ಹೆಪ್ಸಿಡಿನ್ ಬಂದು ಬಾಗಿಲು ಮುಚ್ಚಿದರೆ ಗುಳಿಗೆಯ ಕಬ್ಬಿಣ ಕರುಳಿನ ಕೋಶದಲ್ಲೇ ಕೂರುತ್ತದೆ. ನಾಲ್ಕೈದು ದಿನದಲ್ಲಿ ಆ ಕೋಶ ಉದುರಿ ಮಲದಲ್ಲಿ ಹೋಗುತ್ತದೆ. 24 ಸ್ಟ್ರಿಪ್ಪಿನ ಬಹುಪಾಲು ಹೋಗಿದ್ದು ಹೀಗೆ. ಅವ್ವನ ತಪ್ಪು ಒಂದಿಷ್ಟೂ ಇಲ್ಲ.

ತೊಗರಿ ರೈತ, ಆಳಂದ

ಅಂದರೆ ಎಪಿಎಂಸಿ ಗೇಟಿಗೆ ಬೀಗ ಹಾಕಿದ ಹಾಗೆ. ಹೊಲದಿಂದ ಎಷ್ಟು ಚೀಲ ತೊಗರಿ ತಂದರೂ ಹೊರಗೇ ನಿಲ್ಲಬೇಕು.

ಕಲಿಯುವ ಡಾಕ್ಟರ್

ಅಣ್ಣ, ಬಹಳ ಸರಿ ಹೇಳಿದಿರಿ. ಅದಕ್ಕಿಂತ ಜಾಸ್ತಿಯೂ ಇದೆ. ಒಳಗಿನ ಗೋದಾಮಿಗೂ ಅದೇ ಬೀಗ. ನಮ್ಮ ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು. ಹಳೆಯ ಕಣ ಒಡೆದು ಅದರ ಕಬ್ಬಿಣವನ್ನು ಮತ್ತೆ ಬಳಸುತ್ತೇವೆ, ದಿನಕ್ಕೆ 20ರಿಂದ 25 ಮಿಲಿಗ್ರಾಂ. ಊಟದಿಂದ ಬರೋದು ದಿನಕ್ಕೆ ಬರೀ 1ರಿಂದ 2 ಮಿಲಿಗ್ರಾಂ. ಹೆಪ್ಸಿಡಿನ್ ಎರಡನ್ನೂ ತಡೆಯುತ್ತದೆ. ಹೊಸ ಮಾಲು ಒಳಗೆ ಬರಲ್ಲ, ಇದ್ದ ಮಾಲು ಹೊರಗೆ ಹೋಗಲ್ಲ. ಪೇಟೆಯಲ್ಲಿ ಬೇಳೆ ಇಲ್ಲ, ಗೋದಾಮಿನ ಪುಸ್ತಕದಲ್ಲಿ ಮಾತ್ರ ಸ್ಟಾಕ್ ಇದೆ. ಆ ಪುಸ್ತಕವೇ ಫೆರಿಟಿನ್.

ಭಾಲ್ಕಿ ಹುಡುಗ

ಈ ರೀತಿ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಡಾಕ್ಟ್ರೆ.

ಔಷಧ ಅಂಗಡಿ ಕಾಕಾ

ತಮ್ಮಾ, ನಿನ್ನ ಬರಹದಲ್ಲಿ ಒಂದು ಮಾತು ನನಗೆ ಚುಚ್ಚಿತು. "ನೋವಿನ ಗುಳಿಗೆ ಕೊಟ್ಟು ಸುಮ್ಮನಿದ್ದೆವು." ಯಾವ ಗುಳಿಗೆ, ಎಷ್ಟು ದಿನ? ಡೈಕ್ಲೋಫೆನಾಕ್ ಥರದ್ದಾದರೆ ಹೊಟ್ಟೆಯಲ್ಲಿ ಹುಣ್ಣಾಗಿ ಸ್ವಲ್ಪ ಸ್ವಲ್ಪ ರಕ್ತ ಸೋರುತ್ತಿರಬಹುದು. ಮೇಲೆ ಏನೂ ಕಾಣಲ್ಲ. ಮಲ ಕಪ್ಪಗಾಗುತ್ತದೆ, ಆದರೆ ಕಬ್ಬಿಣದ ಗುಳಿಗೆಗೂ ಮಲ ಕಪ್ಪಾಗುತ್ತದೆ, ಹಾಗಾಗಿ ಕಣ್ಣಿಗೆ ಮೋಸ ಆಗುತ್ತದೆ. ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣ ಕಮ್ಮಿಯಾದರೆ ಎಲ್ಲಿ ಸೋರುತ್ತಿದೆ ಅಂತ ನೋಡಲೇಬೇಕು. ಎಲ್ಲದಕ್ಕೂ ಬಾವನ್ನೇ ಹೊಣೆ ಮಾಡಬೇಡಿ. ಮಲ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ, ಡಾಕ್ಟರನ್ನು ಕೇಳು.

ಜೊತೆಗೆ "ಗ್ಯಾಸ್ ಗುಳಿಗೆ" ನಡೆದಿದೆಯಾ? ಪ್ಯಾಂಟಪ್ರಜೋಲ್, ಒಮೆಪ್ರಜೋಲ್? ನನ್ನ ಅಂಗಡಿಗೆ ಚೀಟಿ ಇಲ್ಲದೆ ಬಂದು ಎರಡು ಎರಡು ಸ್ಟ್ರಿಪ್ ಒಯ್ಯುವವರಿದ್ದಾರೆ. ಕಬ್ಬಿಣ ಕರಗೋಕೆ ಹೊಟ್ಟೆಯ ಹುಳಿ ಬೇಕು. ಬಿ12 ಅನ್ನು ಊಟದಿಂದ ಬಿಡಿಸೋಕೂ ಅದೇ ಹುಳಿ ಬೇಕು. ವರ್ಷಗಟ್ಟಲೆ ತಗೊಂಡರೆ ಬಿ12, ಕಬ್ಬಿಣ, ಮೆಗ್ನೀಸಿಯಂ ಮೂರೂ ಇಳಿಯಬಹುದು.

ಚಿತ್ತಾಪುರದ ಮಗ

ಕಾಕಾ, ಎರಡೂ ನಡೆದಿವೆ. ನೋವಿನ ಗುಳಿಗೆ ವಾರಕ್ಕೆ ನಾಲ್ಕೈದು, ಗ್ಯಾಸ್ ಗುಳಿಗೆ ದಿನಾ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಸುರಪುರದವಳು

ನನ್ನ ಕಥೆ ಬೇರೆ, ಆದರೆ ಇಲ್ಲಿಗೆ ಸಂಬಂಧ ಇದೆ. ನನಗೆ ಕ್ರೋನ್ಸ್ ಅನ್ನೋ ಕರುಳಿನ ಕಾಯಿಲೆ. ಉರಿಯೂತ ಇರೋದು ಕರುಳಿನಲ್ಲೇ. ಡಾಕ್ಟರ್ ಹೇಳಿದ್ದು ಲಿವರ್ ಹಾಕುವ ಬೀಗದ ಮಾತು. ನನಗೆ ಬೀಗವೂ ಬಿತ್ತು, ಬಾಗಿಲಿನ ಗೋಡೆಯೂ ಕುಸಿಯಿತು.

ಸಣ್ಣ ಕರುಳಿನ ಒಂದೊಂದು ಭಾಗಕ್ಕೆ ಒಂದೊಂದು ಕೆಲಸ. ಕಬ್ಬಿಣ ಮೇಲಿನ ತುದಿಯಲ್ಲಿ, ಫೋಲಿಕ್ ಆಸಿಡ್ ಅದರ ಕೆಳಗೆ, ಬಿ12 ಕಟ್ಟಕಡೆಯಲ್ಲಿ. ನನ್ನ ಕಾಯಿಲೆ ಕಟ್ಟಕಡೆಯ ಭಾಗಕ್ಕೇ ಬಂತು. ಆಪರೇಶನ್ ಮಾಡಿ ಅಷ್ಟು ಕರುಳು ತೆಗೆದರು. ಆಮೇಲೆ ಎಷ್ಟು ಹಾಲು ಮೊಸರು ತಿಂದರೂ ಬಿ12 ಏರಲಿಲ್ಲ. ಅಂಗಾಲು ಜುಮು ಜುಮು ಅನ್ನುತ್ತಿತ್ತು, ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗುತ್ತಿರಲಿಲ್ಲ. ಮನೆಯವರು "ಚಿಂತೆ ಮಾಡ್ತಾಳೆ ಅದಕ್ಕೇ" ಅಂದರು. ಈಗ ತಿಂಗಳಿಗೊಂದು ಇಂಜೆಕ್ಷನ್, ಜೀವನಪೂರ್ತಿ. ನಡಿಗೆ ಸರಿಯಾಗಿದೆ.

ಇನ್ನೊಂದು ಮಾತು. ಮೊದಲು ನನಗೆ ಹೊಟ್ಟೆ ಟಿಬಿ ಅಂತಲೇ ಔಷಧಿ ಕೊಟ್ಟಿದ್ದರು. ಅದೂ ಅದೇ ಜಾಗಕ್ಕೆ ಬರುತ್ತದೆ, ನೋಡೋಕೂ ಒಂದೇ ಥರ ಕಾಣುತ್ತದೆ. ತೂಕ ಇಳಿಯುತ್ತಾ ಸಂಜೆ ಜ್ವರ ಬರುತ್ತಿದ್ದರೆ ಯಾರೂ ಅದನ್ನು ಬರೀ "ರಕ್ತ ಕಮ್ಮಿ" ಅಂತ ಬಿಡಬೇಡಿ. ಟಿಬಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಅಂಗನವಾಡಿ ಟೀಚರ್, ಗುರುಮಠಕಲ್

ಎಲ್ಲರ ಮಾತು ಓದಿದೆ. ನನಗೆ ಒಂದು ಭಯ ಇದೆ. ಇದನ್ನು ಓದಿ ನಾಳೆ ಬಸುರಿಯರು "ಗುಳಿಗೆ ಮೈಗೆ ಹತ್ತಲ್ಲ ಅಂತೆ" ಅಂತ ನಿಲ್ಲಿಸಿದರೆ ಏನು ಗತಿ? ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಪರ್ಸೆಂಟ್ ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರಲ್ಲಿ ಬಹಳ ಜನಕ್ಕೆ ಕಬ್ಬಿಣದ ಕೆಂಪು ಗುಳಿಗೆಯಿಂದ ರಕ್ತ ಏರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಅದನ್ನೂ ಬರೆಯಿರಿ.

ಮಕ್ಕಳ ವಿಷಯ ಹೇಳುತ್ತೇನೆ. ನಮ್ಮ ತಾಂಡಾದಲ್ಲಿ ಒಂದು ಮಗು ಮೊಟ್ಟೆ ತಿನ್ನುತ್ತದೆ, ಹಾಲು ಕುಡಿಯುತ್ತದೆ, ತೂಕ ಮಾತ್ರ ಅಲ್ಲೇ ಇರುತ್ತದೆ. ತಾಯಿಗೆ ಎಲ್ಲರೂ ಬೈಯುತ್ತಾರೆ. ನೋಡಿದರೆ ತಿಂಗಳಿಗೆ ಎರಡು ಸಲ ಭೇದಿ. ಕೊಳೆ ನೀರಿನಿಂದ ಮತ್ತೆ ಮತ್ತೆ ಸೋಂಕಾದರೆ ಕರುಳಿನ ಒಳಗಿನ ಸಣ್ಣ ಎಳೆಗಳು ಸವೆದು ಹೋಗುತ್ತವೆ ಅಂತ ತರಬೇತಿಯಲ್ಲಿ ಹೇಳಿದ್ದರು. ಆ ಎಳೆಗಳೇ ಅಲ್ವಾ ಊಟದ ಸಾರ ಹೀರೋದು? ಭೇದಿಯಾದಾಗ ಓಆರ್‌ಎಸ್ ಜೊತೆ ಝಿಂಕ್ ಗುಳಿಗೆ 14 ದಿನ ಕೊಡಬೇಕು. ಭೇದಿ ಎರಡನೇ ದಿನಕ್ಕೆ ನಿಂತರೂ 14 ದಿನ ಪೂರ್ತಿ ಕೊಡಬೇಕು. ಬಹಳ ತಾಯಂದಿರು ನಡುವೆ ಬಿಡುತ್ತಾರೆ. ನೀರು ಸರಿಯಾಗದೆ ಮೊಟ್ಟೆ ಒಂದರಿಂದ ಆ ಮಗು ಬೆಳೆಯಲ್ಲ. ಪಂಚಾಯತಿಯಲ್ಲಿ ನಾನು ಇದನ್ನೇ ಹೇಳುತ್ತಿದ್ದೇನೆ.

ಕಲಿಯುವ ಡಾಕ್ಟರ್

ಟೀಚರ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಯಾರೂ ತಾವಾಗಿ ಗುಳಿಗೆ ನಿಲ್ಲಿಸಬೇಡಿ. ಉರಿಯೂತ ಇಲ್ಲದವರಿಗೆ ಗುಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎರಡು ತಿಂಗಳು ಸರಿಯಾಗಿ ನುಂಗಿದರೂ ಏರದಿದ್ದರೆ ಆಗ "ಯಾಕೆ" ಅಂತ ಹುಡುಕಬೇಕು.

"ದಿನಕ್ಕೆ ಎರಡು ಮಾಡಿ" ಅನ್ನೋದಕ್ಕೂ ಒಂದು ಮಾತು. ಒಂದು ಗುಳಿಗೆ ನುಂಗಿದರೆ ಆ ಕಬ್ಬಿಣಕ್ಕೇ ಹೆಪ್ಸಿಡಿನ್ ಏರಿ ಸುಮಾರು ಒಂದು ದಿನ ಹಾಗೇ ಇರುತ್ತದೆ. ಹಾಗಾಗಿ ಎರಡನೇ ಗುಳಿಗೆ ಅಷ್ಟು ಒಳಗೆ ಹೋಗಲ್ಲ, ಹೊಟ್ಟೆ ಉರಿ, ಮಲಬದ್ಧತೆ ಮಾತ್ರ ಜಾಸ್ತಿ. ಕೆಲವರಿಗೆ ದಿನ ಬಿಟ್ಟು ದಿನ ಕೊಡೋದು ಇದೇ ಕಾರಣಕ್ಕೆ. ಬಸುರಿಯರು ಮಾತ್ರ ತಮ್ಮ ಡಾಕ್ಟರ್ ಹೇಳಿದ ಹಾಗೆಯೇ ನುಂಗಬೇಕು.

ಹಳೇ ಪೇಟೆಯವ

ಅರಿಶಿನದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಔಷಧ ಅಂಗಡಿ ಕಾಕಾ

ಅರಿಶಿನ ಅಡಿಗೆಗೆ ಹಾಕಿ, ಹಾಲಿಗೆ ಹಾಕಿ, ಬೇಡ ಅನ್ನಲ್ಲ. ಆದರೆ ಅದರ ಸತ್ವ ಕರುಳಿನಿಂದ ರಕ್ತಕ್ಕೆ ಸೇರೋದೇ ಬಹಳ ಕಮ್ಮಿ. ಅದನ್ನು ನಂಬಿಕೊಂಡು ಕೀಲುಬಾವಿನ ಔಷಧಿ ತಡ ಮಾಡಿದರೆ ಬೆರಳು ಸೊಟ್ಟಗಾಗುತ್ತವೆ. ಸೊಟ್ಟಾದ ಬೆರಳು ಮತ್ತೆ ನೆಟ್ಟಗಾಗಲ್ಲ. ನನ್ನ ಅಕ್ಕನ ಕೈ ಹಾಗಾಗಿದೆ. ಈಗ ತುತ್ತು ಎತ್ತೋಕೂ ಕಷ್ಟ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಹಳೇ ಪೇಟೆಯವ

ಆಯಿತು ಕಾಕಾ. ಔಷಧಿ ಬಿಡಿ ಅಂತ ನಾನು ಹೇಳಲಿಲ್ಲ. ನಿಮ್ಮ ಅಕ್ಕನ ಸುದ್ದಿ ಕೇಳಿ ಬೇಜಾರಾಯಿತು.

ರೊಟ್ಟಿ ಬುಟ್ಟಿ

ಪುಂಡಿಪಲ್ಯ ಒಳ್ಳೇದಲ್ವಾ? ಹುಳಿ ಇರುತ್ತದೆ, ಸೊಪ್ಪೂ ಹೌದು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ನಮ್ಮ ಊಟದಲ್ಲೇ ಎಲ್ಲ ಇದೆ.

ತೊಗರಿ ರೈತ, ಆಳಂದ

ಪುಂಡಿಪಲ್ಯಕ್ಕೆ ತೊಗರಿಬೇಳೆ, ಜೋಳದ ನುಚ್ಚು ಹಾಕದಿದ್ದರೆ ಅದು ಪಲ್ಯವೇ ಅಲ್ಲ. ಬೆಳ್ಳುಳ್ಳಿ ಒಗ್ಗರಣೆ ಬೇರೆ ಬೀಳಬೇಕು.

ಬೀದರ್ ಲ್ಯಾಬ್ ಅಕ್ಕ

ಊಟ ಒಳ್ಳೇದೇ. ಜೋಳ, ಬೇಳೆಯಲ್ಲಿ ಫೈಟೇಟ್ ಅನ್ನೋ ಅಂಶ ಇರುತ್ತದೆ, ಅದು ಕಬ್ಬಿಣ, ಝಿಂಕ್ ಎರಡನ್ನೂ ಹಿಡಿದಿಡುತ್ತದೆ. ಕಾಳು ನೆನೆಸಿ ಮೊಳಕೆ ಬರಿಸಿದರೆ ಕಮ್ಮಿಯಾಗುತ್ತದೆ. ಲಿಂಬಿಹಣ್ಣನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹೋಗುತ್ತದೆ. ಆದರೆ ಗೇಟಿಗೆ ಬೀಗ ಬಿದ್ದಾಗ ಎಷ್ಟು ಒಳ್ಳೆ ಮಾಲು ತಂದರೂ ಅಷ್ಟೇ. ಮೊದಲು ಬೀಗ ತೆಗೆಸಬೇಕು, ಅಂದರೆ ಬಾವು ಇಳಿಸಬೇಕು.

ಭಾಲ್ಕಿ ಹುಡುಗ

ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ನಮ್ಮಲ್ಲಿ. ಆದರೂ ನನ್ನ ಅಪ್ಪಂದು ವಿಟಮಿನ್ ಡಿ 11 ಬಂದಿದೆ. ಅವರಿಗೂ ಕೀಲುಬಾವು. ಇದೂ ಅದೇನಾ?

ಬೀದರ್ ಲ್ಯಾಬ್ ಅಕ್ಕ

ಎರಡು ಕಾರಣ ಇರಬಹುದು. ಆ ಬಿಸಿಲಿಗೆ ಯಾರು ಹೊರಗೆ ನಿಲ್ಲುತ್ತಾರೆ? ಎಲ್ಲರೂ ಮೈತುಂಬ ಮುಚ್ಚಿಕೊಂಡು ನೆರಳಿಗೆ ಓಡುತ್ತಾರೆ. ಎರಡನೇದು, ಉರಿಯೂತ ಇದ್ದಾಗ ರಕ್ತದಲ್ಲಿ ವಿಟಮಿನ್ ಡಿ, ವಿಟಮಿನ್ ಎ, ಝಿಂಕ್ ಇವೆಲ್ಲ ಇದ್ದದ್ದಕ್ಕಿಂತ ಕಮ್ಮಿ ಕಾಣುತ್ತವೆ. ಝಿಂಕ್ ರಕ್ತ ಬಿಟ್ಟು ಲಿವರ್ ಒಳಗೆ ಸೇರಿಕೊಳ್ಳುತ್ತದೆ. ತಾಮ್ರ ಉಲ್ಟಾ, ಜಾಸ್ತಿ ಕಾಣುತ್ತದೆ. ಮೈಯಲ್ಲಿ ನಿಜವಾಗಿ ಎಷ್ಟಿದೆ, ರಕ್ತದಲ್ಲಿ ಎಷ್ಟು ಕಾಣುತ್ತಿದೆ, ಎರಡೂ ಬೇರೆ. ಆದರೆ 11 ಕಮ್ಮಿಯೇ. ಸ್ಟೆರಾಯ್ಡ್ ಗುಳಿಗೆ ನಡೆದಿದ್ದರೆ ಅದು ಕ್ಯಾಲ್ಸಿಯಂ ಹೀರೋದನ್ನೂ ತಗ್ಗಿಸುತ್ತದೆ, ಎಲುಬು ಸವೆಯುತ್ತದೆ. ಡಾಕ್ಟರಿಗೆ ರಿಪೋರ್ಟ್ ತೋರಿಸಿ. ಅಂಗಡಿಯಿಂದ ಡಿ ಗುಳಿಗೆ ತಂದು ದಿನಾ ನುಂಗಿಸಬೇಡಿ, 60,000 ಯೂನಿಟ್‌ದು ದಿನದ ಗುಳಿಗೆ ಅಲ್ಲ.

ಚಿತ್ತಾಪುರದ ಮಗ

ರಿಪೋರ್ಟ್ ಬಂತು. ಸಿಆರ್‌ಪಿ 46. ಸೀರಂ ಕಬ್ಬಿಣ 28, ಟಿಐಬಿಸಿ 310. ಅಕ್ಕ ಹೇಳಿದ ಹಾಗೆ ಲೆಕ್ಕ ಹಾಕಿದೆ, 9 ಪರ್ಸೆಂಟ್. ಮಲದಲ್ಲಿ ರಕ್ತದ ಅಂಶವೂ ಇದೆ. ಕಾಕಾ, ನೀವು ಹೇಳದಿದ್ದರೆ ನಾವು ಅದನ್ನು ನೋಡುತ್ತಲೇ ಇರಲಿಲ್ಲ. ನಾಳಿದ್ದು ಕಲಬುರಗಿಗೆ ಹೋಗುತ್ತಿದ್ದೇವೆ.

ಬೀದರ್ ಲ್ಯಾಬ್ ಅಕ್ಕ

9 ಅಂದರೆ ಬಹಳ ಕಮ್ಮಿ ತಮ್ಮಾ. ಎರಡೂ ಕೂಡಿವೆ, ಬೀಗವೂ ಇದೆ, ಸೋರಿಕೆಯೂ ಇದೆ. ಎಲ್ಲ ರಿಪೋರ್ಟ್ ಒಯ್ಯಿರಿ. ಆ ಡಬ್ಬಿಯನ್ನೂ ಒಯ್ಯಿರಿ, "ಗುಳಿಗೆ ನುಂಗಿಲ್ಲ" ಅಂತ ಅವ್ವನಿಗೆ ಅಲ್ಲೂ ಯಾರೂ ಅನ್ನಬಾರದು.

ಚಿತ್ತಾಪುರದ ಮಗ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಂಡೋಸ್ಕೋಪಿಯಲ್ಲಿ ಹೊಟ್ಟೆಯಲ್ಲಿ ಸಣ್ಣ ಹುಣ್ಣು ಸಿಕ್ಕಿತು. ನೋವಿನ ಗುಳಿಗೆ ಬಂದ್. ಹುಣ್ಣು ಮಾಯುವವರೆಗೆ ಮಾತ್ರ ಗ್ಯಾಸ್ ಗುಳಿಗೆ, ಆಮೇಲೆ ಅದೂ ಬಂದ್. ಕೀಲಿನದು ರುಮಟಾಯ್ಡ್ ಅನ್ನೋ ಕೀಲುಬಾವಿನ ಕಾಯಿಲೆ ಅಂತ ಖಚಿತವಾಗಿ, ಬಾವು ಇಳಿಸೋ ಮೆಥೋಟ್ರೆಕ್ಸೇಟ್ ಗುಳಿಗೆ ಶುರುವಾಗಿದೆ. ಕಬ್ಬಿಣವನ್ನು ಗುಳಿಗೆ ಬಿಟ್ಟು ನರಕ್ಕೆ ಡ್ರಿಪ್ ಕೊಟ್ಟರು, ಕರುಳಿನ ಬಾಗಿಲು ಕಾಯುವ ಹಾಗೇ ಇಲ್ಲ ಅಂತ. ಆ ಡಾಕ್ಟರು ಡಬ್ಬಿ ನೋಡಿ ಅವ್ವನಿಗೆ "ನೀವು ಎಲ್ಲ ಸರಿ ಮಾಡಿದ್ದೀರಿ ಅವ್ವಾ" ಅಂದರು. ಅವ್ವ ನನ್ನ ಕಡೆ ತಿರುಗಿ ನೋಡಿದಳು.

ಮೊನ್ನೆ ಹಿಮೋಗ್ಲೋಬಿನ್ 10.4. ಸಿಆರ್‌ಪಿ 14. ಮುಷ್ಟಿ ಕಟ್ಟೋಕೆ ಈಗ ಅರ್ಧ ತಾಸು ಸಾಕು.

ಅಂಗನವಾಡಿ ಟೀಚರ್, ಗುರುಮಠಕಲ್

ಓದಿ ಬಹಳ ಸಂತೋಷವಾಯಿತು ತಮ್ಮಾ. ಅವ್ವನಿಗೆ ನನ್ನ ಶರಣು ಹೇಳಿ.

ಔಷಧ ಅಂಗಡಿ ಕಾಕಾ

ಒಳ್ಳೇ ಸುದ್ದಿ. ಆದರೆ ಇದನ್ನು ಕಣ್ಣಿಟ್ಟು ಓದು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಿಮ್ಮ ಅವ್ವ ಒಂದು ದಿನವೂ ತಪ್ಪಿಸದವರು, ಅದಕ್ಕೇ ನನಗೆ ಜಾಸ್ತಿ ಕಾಳಜಿ. ಆ ಗುಳಿಗೆ ಫೋಲಿಕ್ ಆಸಿಡ್ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಬೇರೆ ದಿನ ಫೋಲಿಕ್ ಆಸಿಡ್ ಕೊಟ್ಟಿರುತ್ತಾರೆ. ಎರಡನ್ನೂ ಕೂಡಿಸಿ ಇಡಬೇಡ.

ಚಿತ್ತಾಪುರದ ಮಗ

ಹೌದು ಕಾಕಾ, ಅಲ್ಲೂ ಮೂರು ಸಲ ಹೇಳಿ ಕಳಿಸಿದರು. ಅವ್ವನಿಗೆ ಓದೋಕೆ ಬರಲ್ಲ. ಅದಕ್ಕೆ ಸೋಮವಾರ ಇಟ್ಟುಕೊಂಡಿದ್ದೇವೆ, ಆಕೆ ಗುಡಿಗೆ ಹೋಗುವ ದಿನ. ಗುಡಿಯಿಂದ ಬಂದ ಮೇಲೆ ನಾನೇ ಕೈಗೆ ಕೊಡುತ್ತೇನೆ. ಉಳಿದ ಗುಳಿಗೆ ಆ ಬಿಸ್ಕಿಟ್ ಡಬ್ಬಿಯಲ್ಲಿ ನನ್ನ ಕಪಾಟಿನಲ್ಲಿದೆ.

ಔಷಧ ಅಂಗಡಿ ಕಾಕಾ

ಫೋಲಿಕ್ ಆಸಿಡ್ ಯಾವ ದಿನ?

ಚಿತ್ತಾಪುರದ ಮಗ

ಬುಧವಾರ. ಅದಕ್ಕೆ ಬೇರೆ ಡಬ್ಬಿ.